ವಿಜ್ಞಾನ ದಿನದಲ್ಲಿ ‘ಏನೂ ಆಗಲಿಲ್ಲ’ ಅನ್ನುವುದನ್ನು ತೋರಿಸಿದ್ದು ಹೇಗೆ

ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಬಂದು ಕೈಯಾರೆ ಪ್ರಯೋಗ ಮಾಡುವ ವಿಜ್ಞಾನ ದಿನ ನಡೆಯುತ್ತದೆ. ರಸಾಯನಶಾಸ್ತ್ರದವರ ಮೇಜಿನಲ್ಲಿ ಹೊಗೆ, ನೊರೆ, ಢಮಾರ್ ಸದ್ದು ಎಲ್ಲ ಇರುತ್ತದೆ. ಭೌತಶಾಸ್ತ್ರದವರು ಮಕ್ಕಳ ಕೂದಲನ್ನು ನೆಟ್ಟಗೆ ನಿಲ್ಲಿಸುತ್ತಾರೆ. ನಾನು ಪಾಠ ಮಾಡುವುದು ಸಾರ್ವಜನಿಕ ಆರೋಗ್ಯ. ನಮ್ಮ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ಕಾಯಿಲೆ ಬರಲಿಲ್ಲ, ಅಷ್ಟೇ. ಇದನ್ನು ಏಳು ವರ್ಷದ ಮಗುವಿಗೆ ಹೇಗೆ ತೋರಿಸುವುದು? ಪೋಸ್ಟರ್ ಅಂಟಿಸಿ ಕೂತರೆ ಯಾರೂ ನಿಲ್ಲುವುದಿಲ್ಲ. ಹಾಗಾಗಿ ಬಂದ ಜನರನ್ನೇ ಪ್ರಯೋಗ ಮಾಡಿಕೊಂಡೆವು.

ಜನ ಸೇರಿಸಲು ಕೈ ತೊಳೆಯುವ ಆಟ ಸಾಕು. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಲೋಷನ್ ಹಚ್ಚಿಸಿ, ಎಂದಿನಂತೆ ಸೋಪಿನಲ್ಲಿ ತೊಳೆಸಿ, ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ ಕೈ ಇಡಿಸುತ್ತೇವೆ. ಉಗುರಿನ ಅಂಚು, ಹೆಬ್ಬೆರಳಿನ ಬುಡ, ಬೆರಳ ಸಂದು ಹೊಳೆಯುತ್ತಲೇ ಇರುತ್ತವೆ. ಅಪ್ಪ ಅಮ್ಮಂದಿರಿಗೆ ಉಂಗುರದ ಕೆಳಗೂ ಉಳಿದಿರುತ್ತದೆ, ಅದನ್ನು ಕಂಡು ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಹೊಳೆಯುತ್ತಿರುವುದು ಕ್ರಿಮಿಯಲ್ಲ, ಲೋಷನ್. ಯಾಕೆಂದರೆ ಯಾರದಾದರೂ ಬಿಳಿ ಅಂಗಿಯ ತೋಳು ಪೆಟ್ಟಿಗೆಯೊಳಗೆ ಹೋದರೆ ಅದು ಕೈಗಿಂತ ಜಾಸ್ತಿ ಹೊಳೆಯುತ್ತದೆ. ಬಟ್ಟೆ ಒಗೆಯುವ ಪುಡಿಗೆ ಬೆಳ್ಳಗೆ ಕಾಣಲಿ ಅಂತ ಬೆರೆಸುವ ವಸ್ತುವಿನ ಕೆಲಸ ಅದು. ‘ಅಂಗಿ ತುಂಬ ಕ್ರಿಮಿ’ ಅಂದುಕೊಂಡು ಮಗು ಮನೆಗೆ ಹೋಗಬಾರದು ಅಲ್ವಾ?

ನನಗೆ ಇಷ್ಟವಾದದ್ದು ಎರಡನೇ ಮೇಜು. ಅಲ್ಲಿ 16 ಜನ ಬೇಕು, ದೊಡ್ಡವರು ಚಿಕ್ಕವರು ಯಾರಾದರೂ ಸರಿ. ಎಲ್ಲರಿಗೂ ನಂಬರ್ ಹಾಕಿದ ಒಂದೊಂದು ಪ್ರನಾಳ, ಅರ್ಧದಷ್ಟು ನೀರು. ಒಂದರಲ್ಲಿ ಮಾತ್ರ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿರುತ್ತೇವೆ, ಅದೇ ನಮ್ಮ ಆಟದ ‘ಸೋಂಕು’. ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇಕಿಂಗ್ ಸೋಡಾ ಹಾಕಿದರೆ ಕೊನೆಗೆ ಬರುವ ಬಣ್ಣ ಅಷ್ಟು ಎದ್ದು ಕಾಣುವುದಿಲ್ಲ. ವಾಷಿಂಗ್ ಸೋಡಾ ಕಣ್ಣಿಗೆ ಉರಿ, ಆದ್ದರಿಂದ ಕನ್ನಡಕ ಕಡ್ಡಾಯ, ತುಂಬ ಚಿಕ್ಕವರ ಪ್ರನಾಳ ದೊಡ್ಡವರ ಕೈಯಲ್ಲಿ. ಲೋಟ ಮಾತ್ರ ಕೊಡಲೇಬೇಡಿ. ಲೋಟ ಕಂಡರೆ ಮಕ್ಕಳು ಬಾಯಿಗೆ ಇಡುತ್ತಾರೆ.

ಒಬ್ಬರು ಇನ್ನೊಬ್ಬರ ಪ್ರನಾಳಕ್ಕೆ ನೀರು ಸುರಿದು, ಬೆರೆಸಿ, ಅರ್ಧ ವಾಪಸ್ ತೆಗೆದುಕೊಳ್ಳಬೇಕು. ಯಾರ ಜೊತೆ ಅಂತ ಬರೆದಿಡಬೇಕು. ಹೀಗೆ ಮೂರು ಸುತ್ತು. ಕೊನೆಗೆ ಎಲ್ಲರ ಪ್ರನಾಳಕ್ಕೂ ಎರಡು ಹನಿ ಅರಿಶಿನದ ನೀರು. ಶುದ್ಧ ನೀರು ಹಳದಿಯಾಗುತ್ತದೆ, ಸೋಂಕು ತಗಲಿದ್ದು ಕೆಂಪಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂರೇ ಸುತ್ತಿಗೆ ಎಂಟರವರೆಗೂ ಕೆಂಪು! ಯಾರೂ ಯಾರಿಗೂ ಬೇಕೂಂತ ಅಂಟಿಸಿಲ್ಲ.

ಇಲ್ಲಿಗೆ ಆಟ ಮುಗಿಯಿತು ಅಂದುಕೊಂಡು ಹೊರಟವರನ್ನು ತಡೆದು ಕೂರಿಸುತ್ತೇವೆ. ಯಾರಿಂದ ಶುರುವಾಯಿತು ಅಂತ ಪಟ್ಟಿ ನೋಡಿ ಹುಡುಕಬೇಕು. 7ನೇ ನಂಬರ್ ಹಳದಿ ಅಂತಿಟ್ಟುಕೊಳ್ಳಿ. ಅವನು ಎರಡನೇ ಸುತ್ತಿನಲ್ಲಿ 12ರ ಜೊತೆ ಬೆರೆಸಿದ್ದ. ಹಾಗಾದರೆ ಆಗ 12ಕ್ಕೆ ಸೋಂಕಿರಲಿಲ್ಲ. 12 ಈಗ ಕೆಂಪಾಗಿದ್ದರೆ ಅದು ಮೂರನೇ ಸುತ್ತಿನಲ್ಲಿ ಹತ್ತಿದ್ದು. ಹೀಗೆ ಒಬ್ಬೊಬ್ಬರನ್ನೇ ಹೊಡೆದುಹಾಕುತ್ತ ಬಂದರೆ ಕೊನೆಗೆ ಇಬ್ಬರು ಉಳಿಯುತ್ತಾರೆ, ಮೊದಲ ಸುತ್ತಿನ ಜೋಡಿ. ಅವರಿಬ್ಬರಲ್ಲಿ ಯಾರು ಅಂತ ಪಟ್ಟಿ ಹೇಳುವುದಿಲ್ಲ, ಎಷ್ಟು ತಲೆ ಕೆರೆದುಕೊಂಡರೂ ಅಷ್ಟೇ. ಅದಕ್ಕೇ ಆಟ ಶುರುವಾಗುವ ಮುಂಚೆ ಪ್ರತಿ ಪ್ರನಾಳದಿಂದ ಸ್ವಲ್ಪ ನೀರು ತೆಗೆದು ಬೇರೆ ಬಾಟಲಿಯಲ್ಲಿ ಇಟ್ಟಿರುತ್ತೇವೆ. ಆ ಎರಡು ಬಾಟಲಿಗೆ ಅರಿಶಿನ ಬಿಟ್ಟರೆ ಉತ್ತರ ಸಿಗುತ್ತದೆ. ಸಂಪರ್ಕದ ಪಟ್ಟಿ ಎಲ್ಲಿಯವರೆಗೆ ಕೆಲಸಕ್ಕೆ ಬರುತ್ತದೆ, ಎಲ್ಲಿ ಲ್ಯಾಬ್ ಬೇಕಾಗುತ್ತದೆ ಅನ್ನುವುದನ್ನು ನಾನು ತರಗತಿಯಲ್ಲಿ ಇಷ್ಟು ಚೆನ್ನಾಗಿ ಹೇಳಿಲ್ಲ.

ಆಮೇಲೆ ಅದೇ ಆಟ ಮತ್ತೊಮ್ಮೆ. ಈ ಸಲ 12 ಪ್ರನಾಳಗಳಿಗೆ ಬಿರಡೆ. ಬಿರಡೆ ಅಂದರೆ ಲಸಿಕೆ, ಅದಿದ್ದವರು ಬೆರೆಸುವಂತಿಲ್ಲ. ಬಹುತೇಕ ಸಲ ಕೆಂಪು ಒಂದೆರಡರಲ್ಲೇ ನಿಲ್ಲುತ್ತದೆ. ಬಿರಡೆ ಇಲ್ಲದ ಕೆಲವರೂ ಸುಮ್ನೆ ಪಾರಾಗುತ್ತಾರೆ. ‘ಈ ಸಲ ಏನೂ ಆಗಲೇ ಇಲ್ಲ’ ಅಂತ ಒಬ್ಬ ಹುಡುಗ ಮುಖ ಸಪ್ಪಗೆ ಮಾಡಿಕೊಂಡ. ನಾನು ಕಾಯುತ್ತಿದ್ದದ್ದೇ ಆ ಮಾತಿಗೆ. ಯಾಕೆ ಆಗಲಿಲ್ಲ ಅಂತ ಅವನಿಂದಲೇ ಹೇಳಿಸಿದೆ. ದೊಡ್ಡವರಿಗೆ ಇಲ್ಲೇ ದಡಾರದ ಲೆಕ್ಕ ಹೇಳುತ್ತೇನೆ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ದಡಾರದ ರೋಗಿ 12ರಿಂದ 18 ಜನರಿಗೆ ಹರಡಬಲ್ಲ. ಅದಕ್ಕೇ ಅದನ್ನು ತಡೆಯಲು ಶೇ. 95ರಷ್ಟು ಜನಕ್ಕೆ ರಕ್ಷಣೆ ಬೇಕು. ನಮ್ಮ ಆಟದಲ್ಲಿ ಶೇ. 75 ಸಾಕಾಯಿತು, ದಡಾರಕ್ಕೆ ಸಾಲದು.

ಮೂರನೇ ಮೇಜಿನಲ್ಲಿ ಲಂಡನ್ನಿನ ಸೋಹೊ ಪ್ರದೇಶದ ನಕ್ಷೆ. 1854ರ ಕಾಲರಾ ಸಾವುಗಳಿಗೆ ಕಪ್ಪು ಚುಕ್ಕಿ, ನೀರಿನ ಪಂಪುಗಳಿಗೆ ನೀಲಿ ಪಿನ್ನು. ದಾರ ಹಿಡಿದು ಚುಕ್ಕಿಯಿಂದ ಹತ್ತಿರದ ಪಂಪಿಗೆ ಅಳೆಯಬೇಕು, ಬೀದಿ ಬೀದಿ ಸುತ್ತಿಕೊಂಡೇ. ಗೋಡೆ ದಾಟಿ ಯಾರೂ ನೀರು ತರುವುದಿಲ್ಲವಲ್ಲ. ಹೆಚ್ಚಿನ ದಾರಗಳು ಬ್ರಾಡ್ ಸ್ಟ್ರೀಟ್ ಪಂಪಿಗೆ ಹೋಗುತ್ತವೆ. ಆದರೆ ಅದರ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಯಾಕೆ ಉಳಿದರು? ಜನ ತಾವೇ ಊಹಿಸುತ್ತಾರೆ: ಅವರು ಕುಡಿಯುತ್ತಿದ್ದದ್ದು ಬಿಯರ್, ಪಂಪಿನ ನೀರಲ್ಲ. ಪಂಪಿನ ನೀರೇ ಕಾರಣ ಅಂದ ವೈದ್ಯ ಜಾನ್ ಸ್ನೋ ಮಾತು ಕೇಳಿ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಿತ್ತರು. ಅಷ್ಟು ಹೊತ್ತಿಗೆ ಸಾವು ಇಳಿಮುಖವಾಗಿತ್ತು ಅನ್ನುವುದನ್ನೂ ಹೇಳುತ್ತೇನೆ. ಹಿಡಿಕೆ ಕಿತ್ತ ಕೂಡಲೇ ಕಾಲರಾ ನಿಂತಿತು ಅನ್ನುವ ಕಥೆ ಕೇಳಲು ಚೆಂದ, ನಿಜ ಅಷ್ಟು ಸಲೀಸಲ್ಲ.

ಈ ನಕ್ಷೆಯ ಹತ್ತಿರವೇ ಕಾಲೇಜು ಓದುವವರು ಕೇಳುತ್ತಾರೆ: ಸಾರ್ವಜನಿಕ ಆರೋಗ್ಯ ಓದಲು ಡಾಕ್ಟರ್ ಆಗಿರಲೇಬೇಕಾ? ಬೇಕಿಲ್ಲ. ನರ್ಸಿಂಗ್, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರೂ ಬರುತ್ತಾರೆ. ಸಾಂಕ್ರಾಮಿಕ ರೋಗಗಳಷ್ಟೇ ಅಲ್ಲ, ಗಾಳಿ, ನೀರು, ಜನರ ನಡವಳಿಕೆ, ಆಸ್ಪತ್ರೆಗಳ ಆಡಳಿತ ಎಲ್ಲವೂ ಇದರೊಳಗೆ ಬರುತ್ತದೆ. ಕೆಂಪು ಬಣ್ಣ ನೋಡಿ ಚಪ್ಪಾಳೆ ತಟ್ಟಿದವರಿಗಿಂತ, ಪಟ್ಟಿ ಬಿಡಿಸಲು ಕೂತು ಕರೆದರೂ ಏಳದವರಿಗೆ ನಾನು ಕೋರ್ಸಿನ ಮಾಹಿತಿ ಹಾಳೆ ಕೊಡುತ್ತೇನೆ. ಸಂಖ್ಯಾಶಾಸ್ತ್ರದಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ ಅನ್ನುವುದನ್ನೂ ಆಗಲೇ ಹೇಳಿಬಿಡುತ್ತೇನೆ.