ಕ್ಯಾಲಿಫೋರ್ನಿಯಾದ ಹಿತ್ತಲಿಗೆ ನಮ್ಮೂರ ನಿಂಬೆ: ನಿಯಮದ ದಾರಿಯಲ್ಲೇ ಕಸಿ ಕಟ್ಟಿದ್ದು

ಇಲ್ಲಿನ ಅಂಗಡಿಯ ದೊಡ್ಡ, ಬೀಜವಿಲ್ಲದ ಹಸಿರು ನಿಂಬೆಯನ್ನು ಚಿತ್ರಾನ್ನಕ್ಕೆ ಹಿಂಡಿದರೆ ಹುಳಿ ಏನೋ ಬರುತ್ತದೆ, ಘಮ ಬರುವುದಿಲ್ಲ. ನನಗೆ ಬೇಕಿದ್ದದ್ದು ಸಣ್ಣ, ತೆಳು ಸಿಪ್ಪೆಯ ಕಾಗ್ಜಿ ನಿಂಬೆ. ಅದೇ ಜಾತಿಗೆ ಇಲ್ಲಿ ಮೆಕ್ಸಿಕನ್ ಲೈಮ್ ಅನ್ನುತ್ತಾರೆ. ಸ್ಯಾನ್ ಹೋಸೆಯ ನಮ್ಮ ಹಿತ್ತಲಲ್ಲಿ ಹಿಂದಿನವರು ನೆಟ್ಟ ಮೇಯರ್ ಲೆಮನ್ ಮರ ಇತ್ತು, ಅದರ ಒಂದು ಕೊಂಬೆಗೆ ಇದನ್ನು ಕಸಿ ಕಟ್ಟೋಣ ಅಂತ ಹೊರಟೆ.

ಕಸಿಗೆ ಬೇಕಾದ ಕಾಗ್ಜಿ ನಿಂಬೆಯ ಕಡ್ಡಿ ಎಲ್ಲಿಂದ ತರುವುದು? ಅಮ್ಮ ಹಾಸನದಿಂದ ಫೋನಿನಲ್ಲಿ, "ಬರೋವಾಗ ಒದ್ದೆ ಬಟ್ಟೆ ಸುತ್ತಿ ಸೂಟ್‌ಕೇಸಲ್ಲಿ ಇಟ್ಕೊಂಡು ಬರ್ತೀನಿ ಕಣೋ" ಅಂದರು. ಬೇಡವೇ ಬೇಡ ಅಂದೆ. ನಿಂಬೆ, ಕಿತ್ತಳೆ ಜಾತಿಯ ಗಿಡವನ್ನಾಗಲಿ ಕಡ್ಡಿಯನ್ನಾಗಲಿ ಬೇರೆ ದೇಶದಿಂದ ಹಾಗೆಲ್ಲ ಅಮೆರಿಕಕ್ಕೆ ತರುವಂತಿಲ್ಲ. ಕೃಷಿ ಇಲಾಖೆಯ ವಿಶೇಷ ಪರವಾನಗಿ ಬೇಕು, ಬಂದ ಕಡ್ಡಿ ಕ್ವಾರಂಟೈನ್ ಕೇಂದ್ರದಲ್ಲಿ ರೋಗಮುಕ್ತ ಅಂತ ಸಾಬೀತಾಗಬೇಕು. ಒಂದು ಚಿತ್ರಾನ್ನಕ್ಕೋಸ್ಕರ ಯಾರೂ ಮಾಡುವ ಕೆಲಸ ಅಲ್ಲ ಅದು.

ಅರ್ವೈನ್‌ನಲ್ಲಿರುವ ಗೆಳೆಯನ ಮನೆಯಲ್ಲಿ ಇದೇ ನಿಂಬೆ ಇದೆ. "ಮನೆ ಮರದಿಂದ ಒಂದು ಕಡ್ಡಿ ಮುರಿದು ಕೊಡೋದಕ್ಕೂ ಸರ್ಕಾರನ ಕೇಳ್ಬೇಕೇನೋ?" ಅಂತ ನಕ್ಕ. ಅವನಿರುವ ಆರೆಂಜ್ ಕೌಂಟಿಯಲ್ಲಿ ಎಚ್‌ಎಲ್‌ಬಿ, ಅಂದರೆ ನಿಂಬೆ, ಕಿತ್ತಳೆ ಜಾತಿಗೆ ಬರುವ ಸಿಟ್ರಸ್ ಗ್ರೀನಿಂಗ್ ರೋಗ ಸಿಕ್ಕಿದೆ. ರೋಗ ಸಿಕ್ಕಿದ್ದಕ್ಕೆ ಕ್ವಾರಂಟೈನ್ ಹಾಕಿರುವ ಪ್ರದೇಶದೊಳಗಿನ ಮನೆಯಿಂದ ಗಿಡ, ಎಲೆ, ಕಡ್ಡಿ ಯಾವುದನ್ನೂ ಹೊರಗೆ ಸಾಗಿಸುವಂತಿಲ್ಲ.

ಇಷ್ಟೊಂದು ಬಿಗಿ ಯಾಕೆ ಅಂತ ನನಗೂ ಮೊದಲು ಅನಿಸಿತ್ತು. ಈ ರೋಗಕ್ಕೆ ಮದ್ದಿಲ್ಲ. ಬ್ಯಾಕ್ಟೀರಿಯಾ ಮರದೊಳಗೆ ಸೇರಿದ ಮೇಲೂ ಒಂದೆರಡು ವರ್ಷ ಮರ ಹಸಿರಾಗಿ, ಆರೋಗ್ಯವಾಗೇ ಕಾಣಬಹುದು. ಆಮೇಲೆ ಎಲೆಯ ಎರಡು ಬದಿಗೂ ಹೊಂದಿಕೆಯಿಲ್ಲದ ಹಾಗೆ ಹಳದಿ ಮಚ್ಚೆ, ಸೊಟ್ಟ ಹಣ್ಣು, ಕಹಿ ರಸ, ಕೊನೆಗೆ ಮರವೇ ಹೋಗುತ್ತದೆ. ಅಷ್ಟರೊಳಗೆ ಅದರ ಕಡ್ಡಿ ಎಷ್ಟು ಮನೆ ಸೇರಿರುತ್ತದೋ! ಫ್ಲಾರಿಡಾದಲ್ಲಿ ಈ ರೋಗ ಸಿಕ್ಕಿದ್ದು 2005ರಲ್ಲಿ, ಆಮೇಲೆ ಅಲ್ಲಿನ ಕಿತ್ತಳೆ ಬೆಳೆ ಬಹುಪಾಲು ನೆಲಕಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಮೊದಲು ಸಿಕ್ಕಿದ್ದು ತೋಟದಲ್ಲಲ್ಲ, ಲಾಸ್ ಏಂಜಲೀಸ್ ಕಡೆಯ ಒಂದು ಮನೆಯ ಹಿತ್ತಲಿನ ಮರದಲ್ಲಿ. ನಮ್ಮ ಕೊಡಗಿನ ಕಿತ್ತಳೆ ಸೊರಗಿದ್ದಕ್ಕೂ ಇರುವ ಕಾರಣಗಳಲ್ಲಿ ಗ್ರೀನಿಂಗ್ ಒಂದು.

ಸರಿಯಾದ ದಾರಿ ನಾನು ಅಂದುಕೊಂಡಷ್ಟು ಕಷ್ಟದ್ದಲ್ಲ. ಇಲ್ಲಿ ಕಸಿ ಕಟ್ಟುವ ಕಡ್ಡಿ, ರೋಗ ಪರೀಕ್ಷೆ ಆಗಿ ನೋಂದಣಿಯಾದ ತಾಯಿಮರದಿಂದಲೇ ಬರಬೇಕು. ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಟ್ರಸ್ ಕ್ಲೋನಲ್ ಪ್ರೊಟೆಕ್ಷನ್ ಪ್ರೋಗ್ರಾಂ ಅಂತ ಒಂದಿದೆ. ತಾಯಿಮರಗಳನ್ನು ರೋಗ ಹರಡುವ ಕೀಟ ನುಗ್ಗದ ಹಾಗೆ ಪರದೆ ಮನೆಯಲ್ಲಿ ಸಾಕುತ್ತಾರೆ, ನರ್ಸರಿಗಳಿಗೂ ನಮ್ಮಂಥ ಮನೆಯವರಿಗೂ ಕಡ್ಡಿ ಮಾರುತ್ತಾರೆ. ಹೆಸರು, ವಿಳಾಸ ಕೊಟ್ಟು ಖಾತೆ ತೆರೆದೆ, ತಳಿ ಆರಿಸಿದೆ, ದುಡ್ಡು ಕಟ್ಟಿದೆ. ಮನೆಯವರಿಗೆ ಕಡ್ಡಿ ಕತ್ತರಿಸಿ ಕಳಿಸುವುದು ಜನವರಿ, ಜೂನ್, ಸೆಪ್ಟೆಂಬರ್‌ನಲ್ಲಿ ಮಾತ್ರ, ಅದಕ್ಕೆ ಮುಂಚೆಯೇ ಆರ್ಡರ್ ಹಾಕಿರಬೇಕು. ನಾನು ಜೂನ್ ಕಂತಿಗೆ ಹಾಕಿದೆ. ಆಗ ಮರದ ತೊಗಟೆ ಸಲೀಸಾಗಿ ಬಿಡುತ್ತದೆ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಕಡ್ಡಿ ಶುದ್ಧ ಇದ್ದರೆ ಸಾಲದು, ಅದನ್ನು ಕಟ್ಟುವ ಮರವೂ ಶುದ್ಧ ಇರಬೇಕು. ಹಳೇ ಮೇಯರ್ ಮರಗಳು ಟ್ರಿಸ್ಟೀಜಾ ಅನ್ನುವ ವೈರಸ್ ಹೊತ್ತುಕೊಂಡೂ ಗಟ್ಟಿಮುಟ್ಟಾಗಿ ಕಾಣುತ್ತಿದ್ದವು. ಆ ಕಾರಣಕ್ಕೇ ಅವನ್ನು ತೆಗೆಸಿ, 1975ರಲ್ಲಿ ವೈರಸ್ ಇಲ್ಲದ ಇಂಪ್ರೂವ್ಡ್ ಮೇಯರ್ ಬಿಟ್ಟರು. ನಮ್ಮ ನಿಂಬೆಯೋ ಈ ವೈರಸ್‌ಗೆ ತೀರಾ ನಾಜೂಕು. ಮರದಲ್ಲಿ ಟ್ರಿಸ್ಟೀಜಾ ಇದೆಯಾ ಅಂತ ಪತ್ತೆ ಮಾಡಲು ವಿಜ್ಞಾನಿಗಳು ಮೆಕ್ಸಿಕನ್ ಲೈಮ್ ಸಸಿಗೇ ಕಸಿ ಮಾಡಿ ನೋಡುತ್ತಿದ್ದರು ಅಂದರೆ ಲೆಕ್ಕ ಹಾಕಿ. ನನ್ನ ಮರದ ಬುಡದಲ್ಲಿ ನರ್ಸರಿಯ ಪಟ್ಟಿ ಇನ್ನೂ ನೇತಾಡುತ್ತಿತ್ತು, ಇಂಪ್ರೂವ್ಡ್ ಅಂತ ಬರೆದಿತ್ತು, ಹಾಗಾಗಿ ಧೈರ್ಯ ಮಾಡಿದೆ.

ಕಸಿ ಕೆಲಸ ಮಾಮೂಲಿ ಕಣ್ಣು ಕಸಿ, ಅಂದರೆ ಕಡ್ಡಿಯಿಂದ ಒಂದು ಚಿಗುರು ಮೊಗ್ಗನ್ನು ಮಾತ್ರ ತೆಗೆದು ಕೂರಿಸುವುದು. ಕಡ್ಡಿ ಬಂದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಡ್ಜಲ್ಲಿಟ್ಟೆ (ಫ್ರೀಜರ್‌ನಲ್ಲಲ್ಲ). ಚಾಕುವನ್ನು ಬ್ಲೀಚ್ ನೀರಲ್ಲಿ ಅದ್ದಿ ತೊಳೆದು, ತೊಗಟೆಯನ್ನು ಇಂಗ್ಲಿಷಿನ ಟಿ ಆಕಾರಕ್ಕೆ ಸೀಳಿ, ಕಣ್ಣು ಕೂರಿಸಿ, ಟೇಪು ಬಿಗಿದೆ. ಸುಮಾರು ಮೂರು ವಾರ ಬಿಟ್ಟು ಬಿಚ್ಚಿದಾಗ ಕಣ್ಣು ಹಸಿರಾಗೇ ಇತ್ತು. ಮೇಲಿನ ಕೊಂಬೆ ಬಗ್ಗಿಸಿ ಕಟ್ಟಿದ ಮೇಲೆ ಚಿಗುರಿತು. ಈ ಜಾತಿಗೆ ಚಳಿ ಆಗುವುದಿಲ್ಲ, ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಹಳೇ ಬೆಡ್‌ಶೀಟ್ ಹೊದಿಸುತ್ತೇನೆ.

ಎಳೆ ಚಿಗುರಿನ ಮೇಲೆ ಕಣ್ಣಿಟ್ಟಿರಬೇಕು. ರೋಗ ಹರಡುವ ಸಿಲ್ಲಿಡ್ ಕೀಟ ಮೊಟ್ಟೆ ಇಡುವುದು ಅಲ್ಲೇ. ಮೂರು ನಾಲ್ಕು ಮಿಲಿಮೀಟರ್ ಉದ್ದ ಅಷ್ಟೇ, ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ. ಮರಿಗಳ ಮೈಯಿಂದ ಬಿಳಿ ಮೇಣದ ಎಳೆ ಬರುತ್ತದೆ.

ಇಲ್ಲಿನ ಕನ್ನಡದವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಕರಿಬೇವಿನ ಬಗ್ಗೆ. ಕರಿಬೇವೂ ನಿಂಬೆಯ ಕುಟುಂಬದ್ದೇ, ಈ ಕೀಟಕ್ಕೆ ಅದರ ಚಿಗುರು ಅಂದರೆ ಪ್ರಾಣ. ಕ್ವಾರಂಟೈನ್ ನಿಯಮ ಅದಕ್ಕೂ ಇದೆ. ಆದರೂ ಹಬ್ಬಕ್ಕೆ ಊಟಕ್ಕೆ ಬಂದವರು ಲಾಸ್ ಏಂಜಲೀಸ್ ಕಡೆಯಿಂದ ಕಾರಿನ ಹಿಂದೆ ಕರಿಬೇವಿನ ಸಸಿ ಇಟ್ಟುಕೊಂಡು ಬಂದು, ಎಷ್ಟು ಪ್ರೀತಿಯಿಂದ ಕೈಗೆ ಕೊಡುತ್ತಾರೆ ಅಂದರೆ ಬೇಡ ಅನ್ನುವುದೇ ಕಷ್ಟ. ನಾನು ಈಗ ಮೊದಲೇ ಫೋನ್ ಮಾಡಿ ಹೇಳಿಬಿಡುತ್ತೇನೆ. ಒಬ್ಬರು ಬೇಜಾರು ಮಾಡಿಕೊಂಡರು, ಇರಲಿ. ಸಸಿ ಬೇಕಾದರೆ ಹತ್ತಿರದ, ಲೈಸೆನ್ಸ್ ಇರುವ ನರ್ಸರಿಯಲ್ಲಿ ಕೊಳ್ಳಿ, ಬೆಲೆ ಸ್ವಲ್ಪ ಜಾಸ್ತಿ. ರಸ್ತೆಬದಿ ಚೀಟಿಯಿಲ್ಲದೆ ಮಾರುವವರ ಹತ್ತಿರ ಬೇಡ.

ಅರ್ವೈನ್ ಗೆಳೆಯ ಈಗ ತಾನೂ ರಿವರ್‌ಸೈಡ್‌ನಲ್ಲಿ ಖಾತೆ ತೆರೆದಿದ್ದಾನೆ. ನಾನು ಸೆಪ್ಟೆಂಬರ್ ಕಂತಿಗೆ ರಂಗಪುರ ನಿಂಬೆ ಕೇಳಿದ್ದೇನೆ. ಕೊಡಗಿನಲ್ಲಿ ಕಿತ್ತಳೆಗೆ ಬೇರುಸಸಿಯಾಗಿ, ಅಂದರೆ ಕಸಿ ಕಟ್ಟುವ ಬುಡದ ಗಿಡವಾಗಿ ಬಳಸುತ್ತಾರಲ್ಲ, ಅದೇ. ಉಪ್ಪಿನಕಾಯಿಗೆ ಆಗುತ್ತದಾ ನೋಡಬೇಕು.