ಮನೆ ಕಂಪ್ಯೂಟರ್ ಆನ್ ಆದಾಗ ಪಾಸ್‌ವರ್ಡ್ ಕೇಳದಂತೆ ಮಾಡುವುದು ಹೇಗೆ?

ನಡುಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇದೆ. ಅಪ್ಪ ಪೇಪರ್ ಓದಲು, ಅಮ್ಮ ಊರಿನ ಜಾತ್ರೆ ವಿಡಿಯೊ ನೋಡಲು ಅದನ್ನು ಆನ್ ಮಾಡುತ್ತಾರೆ. ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದರೆ ಪಾಸ್‌ವರ್ಡ್ ತಪ್ಪು ಎನ್ನುತ್ತದೆ, ಕೂಡಲೇ ಬೇರೆ ಊರಲ್ಲಿರುವ ಮಗಳಿಗೆ ಫೋನ್. ಇಂಥ ಮನೆಯಲ್ಲಿ ಲಾಗಿನ್ ಪಾಸ್‌ವರ್ಡ್ ಕೇಳದಂತೆ ಮಾಡುವುದು ಉಪಕಾರವೇ. ವಿಂಡೋಸ್ 11ರಲ್ಲಿ ಅದು ಹತ್ತು ನಿಮಿಷದ ಕೆಲಸ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್ ತೆರೆಯಿರಿ. ಮೈಕ್ರೋಸಾಫ್ಟ್ ಖಾತೆಗೆ 'ವಿಂಡೋಸ್ ಹಲೋ' (ಮುಖ, ಬೆರಳಚ್ಚು ಅಥವಾ ಪಿನ್) ಮೂಲಕ ಮಾತ್ರ ಪ್ರವೇಶ ಎಂಬರ್ಥದ ಸ್ವಿಚ್ ಅಲ್ಲಿದ್ದರೆ ಆಫ್ ಮಾಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಇದು ಆನ್ ಇದ್ದರೆ ಮುಂದೆ ಬೇಕಾದ ಟಿಕ್ ಬಾಕ್ಸ್ ಕಾಣುವುದೇ ಇಲ್ಲ.

ಈಗ ವಿಂಡೋಸ್ ಕೀ ಜೊತೆ 'ಆರ್' ಒತ್ತಿ. ಬಂದ ಪುಟ್ಟ ಪೆಟ್ಟಿಗೆಯಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್ ಅಕ್ಷರಗಳನ್ನು ಬಿಡಿಸದೆ ಬರೆದು ಎಂಟರ್ ಕೊಡಿ. ಖಾತೆಗಳ ಪಟ್ಟಿ ಬರುತ್ತದೆ. ಬೇಕಾದ ಹೆಸರನ್ನು ಆರಿಸಿ, ಮೇಲಿರುವ ಟಿಕ್ ತೆಗೆದು ಅಪ್ಲೈ ಒತ್ತಿ. ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ದಿನಾ ಹೊಡೆಯುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ತಪ್ಪು ಬರೆದರೂ ಆಗ ಏನೂ ಹೇಳದೆ ಒಪ್ಪಿಕೊಂಡು, ಮುಂದಿನ ಸಲ ಆನ್ ಮಾಡಿದಾಗ ತಕರಾರು ತೆಗೆಯುತ್ತದೆ. ಹಾಗಾಗಿ ನಿಧಾನವಾಗಿ ಬರೆಯಿರಿ.

ಊಟಕ್ಕೆ ಎದ್ದುಹೋಗಿ ಬಂದಾಗಲೂ ಕೇಳಬಾರದೇ? ಸೈನ್-ಇನ್ ಆಪ್ಷನ್ಸ್‌ಗೆ ಮರಳಿ, ಮತ್ತೆ ಯಾವಾಗ ಸೈನ್-ಇನ್ ಕೇಳಬೇಕು ಎಂಬಲ್ಲಿ 'ನೆವರ್' ಆರಿಸಿ.

ಇಷ್ಟರಿಂದ ಪಾಸ್‌ವರ್ಡ್ ಅಳಿಸಿಹೋಗುವುದಿಲ್ಲ, ಆನ್ ಮಾಡಿದಾಗ ಕೇಳುವುದು ಮಾತ್ರ ನಿಲ್ಲುತ್ತದೆ. ವಿಂಡೋಸ್ ಕೀ ಜೊತೆ 'ಎಲ್' ಒತ್ತಿ ಲಾಕ್ ಮಾಡಿದರೆ ಮತ್ತೆ ಬೇಕಾಗುತ್ತದೆ. ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ.

ಲ್ಯಾಪ್‌ಟಾಪ್‌ಗೆ ಇದನ್ನು ಖಂಡಿತ ಮಾಡಬೇಡಿ. ಬಸ್ಸಿನಲ್ಲಿ ಬಿಟ್ಟುಬಂದರೆ ಸಿಕ್ಕವರ ಎದುರು ಎಲ್ಲವೂ ತೆರೆದಿರುತ್ತದೆ. ಮೇಜಿನ ಕಂಪ್ಯೂಟರಿನಲ್ಲೂ ಬ್ರೌಸರ್‌ನಲ್ಲಿ ನಿಮ್ಮ ಇಮೇಲ್ ತೆರೆದೇ ಇದ್ದರೆ ಜೋಕೆ: ಎಷ್ಟೋ ಜಾಲತಾಣಗಳಲ್ಲಿ 'ಪಾಸ್‌ವರ್ಡ್ ಮರೆತಿದೆ' ಎಂದು ಒತ್ತಿದರೆ ಹೊಸದನ್ನು ಹಾಕಿಕೊಳ್ಳುವ ಕೊಂಡಿ ಬರುವುದು ಆ ಇಮೇಲ್‌ಗೇ. ಅದಕ್ಕೇ ನಾನು ಹೇಳುವುದು, ಅಪ್ಪ-ಅಮ್ಮನಿಗೆ ಅಡ್ಮಿನ್ ಅಧಿಕಾರವಿಲ್ಲದ ಬೇರೆಯದೇ ಖಾತೆ ಮಾಡಿಕೊಟ್ಟು ಆ ಹೆಸರಿಗಷ್ಟೇ ಟಿಕ್ ತೆಗೆಯಿರಿ. ಬ್ಯಾಂಕು, ತೆರಿಗೆ ನೋಡುವ ನಿಮ್ಮ ಖಾತೆ ಪಾಸ್‌ವರ್ಡಿನ ಹಿಂದೆಯೇ ಇರಲಿ.

ಕಂಪ್ಯೂಟರನ್ನು ರಿಪೇರಿಗೆ ಕೊಡುವ ಮುನ್ನ ಅದೇ ಪಟ್ಟಿ ತೆರೆದು ಟಿಕ್ ಮತ್ತೆ ಹಾಕಿ.