ಕೈ ಊರದೆ ಎದ್ದು ನಿಲ್ಲಲಿ: ಮನೆಯ ಹಿರಿಯರ ಕಾಲಿಗೆ ಬಲ ತರುವುದು ಹೇಗೆ?

"ನೀ ಸುಮ್ನ ಕುಂದ್ರವ್ವ, ನಾವ್ ಮಾಡ್ತೀವಿ."

ನಮ್ಮ ಗಂಗಾವತಿ ಕಡೆ ವಯಸ್ಸಾದವರಿಗೆ ಮನೆಮಂದಿ ಪ್ರೀತಿ ತೋರಿಸುವುದು ಹೀಗೆ. ನಮ್ಮನೆಯಲ್ಲೂ ಇದೇ ಆಯಿತು. ಅವ್ವನ ಕೈಯಿಂದ ಮೊದಲು ಕೊಡ ಕಿತ್ತುಕೊಂಡೆವು. ಆಮೇಲೆ ಕಸಬರಿಗೆ. ಆಮೇಲೆ ರೊಟ್ಟಿ ಬಡಿಯುವ ಕೆಲಸ. ಎರಡು ವರ್ಷದಲ್ಲಿ ಅವ್ವ ಹೊರಸಿನಿಂದ ಏಳಲು ಎರಡೂ ಕೈ ಊರುವಂತಾದಳು. ಒಂದು ದಿನ ಬಚ್ಚಲಲ್ಲಿ ಜಾರಿಯೂ ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ವಯಸ್ಸಾದಂತೆ ಸ್ನಾಯು ಕರಗುತ್ತದೆ. ಬಳಸದೆ ಬಿಟ್ಟರೆ ಇನ್ನೂ ಬೇಗ ಕರಗುತ್ತದೆ. ಹೋದ ಬಲ ಮತ್ತೆ ಬರುತ್ತದಾ? ಬರುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸುಮಾರು 90 ವರ್ಷದವರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಕಾಲಿನ ಬಲ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಇಬ್ಬರು ಊರುಗೋಲನ್ನೇ ಬಿಟ್ಟರು.

ಮೊದಲು ಅಳೆಯಿರಿ

ಕೈ ಊರಲು ಹಿಡಿ ಇಲ್ಲದ, ಗಟ್ಟಿ ಕುರ್ಚಿ ತನ್ನಿ. ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ ಕೂರಲಿ. ನೀವು ಪಕ್ಕದಲ್ಲೇ ನಿಂತು ಮೊಬೈಲ್‌ನಲ್ಲಿ 30 ಸೆಕೆಂಡ್ ನೋಡಿ. ಪೂರ್ತಿ ಎದ್ದು ಕೂತರೆ ಒಂದು. ಕೈ ಊರಿದರೆ ಲೆಕ್ಕ ಸೊನ್ನೆ. 70ರಿಂದ 74 ವರ್ಷದ ಹೆಂಗಸರು 10ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಇದೆ ಎಂದರ್ಥ. ಅವ್ವನದು ಮೊದಲ ದಿನ ಸೊನ್ನೆ. ಸಿಟ್ಟು ಮಾಡಿಕೊಂಡು ಒಳಗೆ ಹೋದಳು.

ಎದೆನೋವು, ತಲೆಸುತ್ತು, ಜಾಸ್ತಿ ಏದುಸಿರು ಇರುವವರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಆಮೇಲೆ ಏಳು-ಕೂರು

ಸೊನ್ನೆ ಬಂದರೆ ಕುರ್ಚಿಯ ಮೇಲೆ ಮಡಚಿದ ಕೌದಿ ಹಾಕಿ. ಎತ್ತರವಾದಷ್ಟು ಏಳುವುದು ಸುಲಭ. ಕೌದಿ ಜಾರದಂತೆ ನೋಡಿಕೊಳ್ಳಿ. ಬೆಳಿಗ್ಗೆ 5 ಸಲ, ಸಂಜೆ 5 ಸಲ ಸಾಕು. ಕೂರುವಾಗ ಧಪ್ಪನೆ ಬೀಳಬಾರದು, ನಿಧಾನಕ್ಕೆ ಇಳಿಯಬೇಕು. ಹಾಗೆ ಇಳಿಯುವಾಗಲೂ ತೊಡೆಗೆ ಒಳ್ಳೆಯ ಕೆಲಸ. ಎರಡು ವಾರ ಬಿಟ್ಟು ಕೌದಿ ತೆಗೆಯಿರಿ.

ಇದರ ಜೊತೆ ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು. 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆ, 2 ದಿನ ಬಲದ ವ್ಯಾಯಾಮ, 3 ದಿನ ಸಮತೋಲ ಕಾಯುವ ವ್ಯಾಯಾಮ. ನಡಿಗೆ ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಮುಗಿದಿರಬೇಕು. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕೇಳಲಿ ಎಂದು ಕಾಯದೆ ನೀರು, ಮಜ್ಜಿಗೆ ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ.

ತಟ್ಟೆ ನೋಡಿ

ಕಾಲಿನ ಬಲ ಹೋಗುವ ದಾರಿ ಎಷ್ಟೋ ಸಲ ಹಲ್ಲಿನಿಂದ ಶುರುವಾಗುತ್ತದೆ. ಹಲ್ಲು ಬಿದ್ದವು, ರೊಟ್ಟಿ ಬಿಟ್ಟರು, ಶೇಂಗಾ ಬಿಟ್ಟರು, ಕಾಳುಪಲ್ಯ ಬಿಟ್ಟರು. ಉಳಿದದ್ದು ಅನ್ನ, ತಿಳಿಸಾರು, ನಾಲ್ಕು ಸಲ ಚಹಾ. ಅದರಲ್ಲಿ ಸ್ನಾಯು ಕಟ್ಟುವ ಪ್ರೋಟೀನ್ ಎಲ್ಲಿಂದ ಬರಬೇಕು?

ಆರೋಗ್ಯವಂತ ಹಿರಿಯರಿಗೆ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 50 ಕೆಜಿ ಇದ್ದರೆ 50ರಿಂದ 60 ಗ್ರಾಂ. (ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ.) ಒಂದು ಹಿಡಿ ಶೇಂಗಾದಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ರೊಟ್ಟಿ ಬಿಡಿಸಬೇಡಿ, ಮುರಿದು ಬಿಸಿ ಬೇಳೆಯಲ್ಲಿ ನೆನೆಸಿ ಕೊಡಿ. ಪುಂಡಿಪಲ್ಯಕ್ಕೆ ಬೇಳೆ ಸ್ವಲ್ಪ ಜಾಸ್ತಿಯೇ ಹಾಕಿ. ಶೇಂಗಾ ಚಟ್ನಿಪುಡಿಯನ್ನು ನುಣ್ಣಗೆ ಕುಟ್ಟಿ ಗಟ್ಟಿ ಮೊಸರಿನಲ್ಲಿ ಕಲಸಿದರೆ ಹಲ್ಲೇ ಬೇಡ. ಉಪ್ಪು ಮಾತ್ರ ಹಿಡಿತದಲ್ಲಿರಲಿ. ಹಾಗೆಯೇ ದಂತ ವೈದ್ಯರ ಹತ್ತಿರ ಕರೆದೊಯ್ಯಿರಿ. "ಈ ವಯಸ್ಸಿಗೆ ಹಲ್ಲು ಯಾಕ?" ಅಂತಾರೆ. ಆ ಮಾತು ಕೇಳಬೇಡಿ.

ಬಚ್ಚಲು, ಹೊಸ್ತಿಲು, ರಾತ್ರಿ

ಬಚ್ಚಲಿನ ಪಾಚಿ ತಿಕ್ಕಿ. ಗೋಡೆಗೆ ಹಿಡಿಕೆ ಹಾಕಿಸಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ನಡುಮನೆಯಲ್ಲಿ ಮಡಚಿ ಬಿದ್ದ ಚಾಪೆ ತೆಗೆಯಿರಿ. ರಾತ್ರಿ ಒಂದು ಸಣ್ಣ ಬಲ್ಬ್ ಉರಿಯಲಿ. ಮಲಗಿದಲ್ಲಿಂದ ತಟ್ಟನೆ ಎದ್ದರೆ ಕೆಲವರಿಗೆ ಬಿಪಿ ಇಳಿದು ಕಣ್ಣು ಕತ್ತಲಾಗುತ್ತದೆ. ಹೊರಸಿನ ಅಂಚಿಗೆ ಒಂದು ನಿಮಿಷ ಕೂತು ಏಳಲಿ. ಪದೇ ಪದೇ ಹೀಗಾದರೆ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಮಲಗಿದಾಗ, ನಿಂತಾಗ ಎರಡು ಸಲ ಬಿಪಿ ನೋಡಲು ಹೇಳಿ. ಕಣ್ಣಿನ ಪೊರೆ, ಕಿವಿ ಮಂದ ಇವನ್ನೂ ಅದೇ ಓಡಾಟದಲ್ಲಿ ತೋರಿಸಿಬಿಡಿ.

ಕೆಲಸ ವಾಪಸ್ ಕೊಡಿ

ಇದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಬದಲಾಗಬೇಕಾದವರು ನಾವು. ಭಾರದ ಕೊಡ ಬೇಡ, ಅರ್ಧ ಚೊಂಬು ನೀರು ಸಾಕು. ಗಿಡಕ್ಕೆ ಹಾಕಲಿ. ಕಾಳು ಆರಿಸಲಿ. ಕಿರಾಣಿ ಅಂಗಡಿಗೆ ಮೊಮ್ಮಗನ ಜೊತೆ ಹೋಗಿಬರಲಿ. ದಾರಿಯಲ್ಲಿ ಕಟ್ಟೆ ಮೇಲೆ ನಾಲ್ಕು ಮಾತಾಡಿ ಬಂದರೆ ತಡವಾಯಿತೆಂದು ಬೈಯಬೇಡಿ.

ಅವ್ವನ ಆಸೆ ಅಂಜನಾದ್ರಿ ಬೆಟ್ಟ ಹತ್ತುವುದು. 575 ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಹೊಡೆತ ಜಾಸ್ತಿ, ಅದಕ್ಕೇ ಈಗ ಬೇಡ ಅಂದಿದ್ದೇವೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಮೊಮ್ಮಗ ದಿನಾ ಏಳು-ಕೂರಿನ ಲೆಕ್ಕ ಬರೆಯುತ್ತಾನೆ. ಮೊನ್ನೆ 8 ಎಂದು ಬರೆದ. "ಒಂಬತ್ತು ಎದ್ದೀನಿ, ಸರಿಯಾಗಿ ಎಣಿಸೋ" ಅಂತ ಅವ್ವ ಅವನನ್ನು ಕರೆದು ತಿದ್ದಿಸಿದಳು.